ಸೈಜಿಂಗ್ ಖಾತೆ

ನಲವತ್ತೊಂದನೆಯ ಹಾಳೆಯೂ ಕರಗಿತು.
ಬೀಕರಿನ ತಳದಲ್ಲಿ ಬಿಳಿ ಲೋಳೆ,
ಹಾಲು ಕುಡಿದ ಕೂಸಿನ ಕಟವಾಯಿಯಂತೆ.
ವಹಿಯಲ್ಲಿ ಬರೆದೆ: ಏಳು ನಿಮಿಷ, ಹತ್ತು ಸೆಕೆಂಡು.
ನಿನ್ನೆಯದಕ್ಕಿಂತ ನಾಲ್ಕು ಸೆಕೆಂಡು ಹೆಚ್ಚು.
ನಾಲ್ಕು ಸೆಕೆಂಡಿಗೂ ಹಿಗ್ಗುವುದು
ಈ ಕೆಲಸ ಹಚ್ಚಿದ ಚಟ.

ಕಿಟಕಿಯಾಚೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದಾರೆ.
ಮಲಗಿದವರನ್ನು ದಾಟುವವರ ಹಾಗೆ
ಲಾರಿಗಳು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತವೆ.
ಆ ಕಾಳಿನ ಹೊಟ್ಟೆಯ ಹಿಟ್ಟಿಗೆ ನೀರೆಂದರೆ ಜೀವ.
ತಪ್ಪೇನಿಲ್ಲ. ಮೊಳಕೆಗೆಂದು ಕಟ್ಟಿದ ಬುತ್ತಿ ಅದು,
ನೀರು ಬಂದು ಬಾಗಿಲು ಬಡಿದರೆ ಬಿಚ್ಚಲೇಬೇಕು.

ನಾನು ಮಾತ್ರ ಒಂದೂವರೆ ವರ್ಷದಿಂದ
ಬಿಚ್ಚಬೇಡ, ಬಿಚ್ಚಬೇಡ, ಎನ್ನುತ್ತಿದ್ದೇನೆ.

ಗ್ಲಿಸರಿನ್ ಕಡಿಮೆಯಾದರೆ ಹಪ್ಪಳದಂತೆ ಮುರಿಯುತ್ತದೆ,
ಹೆಚ್ಚಾದರೆ ಆಷಾಢದ ಬೆಲ್ಲದಂತೆ ಕೈಗಂಟುತ್ತದೆ.
ಹಿಟ್ಟಿನ ಎಳೆಎಳೆಗೂ ಸಾವಿರ ಕೈ,
ಎಲ್ಲವೂ ನೀರಿಗೆ ಚಾಚಿದವು.
ನಿಂಬೆಉಪ್ಪು ಹಾಕಿ ಒಲೆಯಲ್ಲಿ ಕಾಯಿಸಿದರೆ
ಕೆಲವು ಕೈ ಒಂದನ್ನೊಂದು ಹಿಡಿದುಕೊಳ್ಳುತ್ತವೆ.
ಉಳಿದವು ಇನ್ನೂ ಬಾ ಬಾ ಎನ್ನುತ್ತಲೇ ಇರುತ್ತವೆ.

ಮೂವತ್ತನೆಯದನ್ನು ಚೀಲ ಮಾಡಿ
ಶಕೀಲಾಬಿಯ ಮಂಡಕ್ಕಿ ಅಂಗಡಿಗೆ ಒಯ್ದಿದ್ದೆ.
ಬರಿ ಮಂಡಕ್ಕಿಗೆ ಗಟ್ಟಿಯಾಗೇ ನಿಂತಿತು.
ಒಗ್ಗರಣೆಯದನ್ನು ಸುರಿದದ್ದೇ ತಡ,
ತಳ ಕಳಚಿ, ಮಂಡಕ್ಕಿ ಮೆಣಸಿನಕಾಯಿ ಸಮೇತ
ಗಿರಾಕಿಯ ಚಪ್ಪಲಿಯ ಮೇಲೆ.
ಆಕೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು:
'ಚೀಲಾನೂ ತಿನ್ಬೋದೇನ್ರಿ ಮೇಡಂ?'
ತಿನ್ನಬಹುದು, ಅಂದೆ.
'ಹಂಗಾದ್ರೆ ಅದಕ್ ಹಾಕ್ರಿ' ಎಂದು ತೋರಿಸಿದಳು.
ಮೋರಿಯ ಬದಿಯಲ್ಲಿ ಕಂದು ಆಕಳೊಂದು
ನೀಲಿ ಕವರನ್ನು ಮೆಲುಕು ಹಾಕುತ್ತಿತ್ತು,
ಅರ್ಧ ಒಳಗೆ, ಅರ್ಧ ಗಾಳಿಯಲ್ಲಿ ಪಟಪಟ.
ಆಮೇಲೆ ಇಬ್ಬರೂ ನಗಲಿಲ್ಲ.

ಅಪ್ಪ ಹತ್ತಿ ಗಿರಣಿಯ ಸೈಜಿಂಗ್ ಖಾತೆಯಲ್ಲಿದ್ದವನು.
ಇಪ್ಪತ್ತಾರು ವರ್ಷ ನೂಲಿಗೆ ಗಂಜಿ ಕುಡಿಸಿದವನು.
ಗಿರಣಿಯ ಜಾಗದಲ್ಲಿ ಈಗ ಸೈಟುಗಳು.
ಅವನ ಮುಂಗೈಯಲ್ಲಿ ಮಾತ್ರ ಇನ್ನೂ ಇದೆ
ಹಬೆ ಸುಟ್ಟ ಹೊಳಪು ಕಲೆ.

ರಾತ್ರಿ ಮುದ್ದೆ ಮುರಿಯುತ್ತ ಕೇಳಿದ:
'ನಿನ್ ಹಾಳಿ ಎಷ್ಟ್ ದಿನ ಇರ್ಬೇಕು?'
ನೀರಲ್ಲಿ ಕರಗಬಾರದಪ್ಪ, ಅಂದೆ.
'ಅದಲ್ಲ ಕೇಳಿದ್ದು. ಎಷ್ಟ್ ದಿನ ಇರ್ಬೇಕು?'

ವಹಿಯಲ್ಲಿ ಆ ಕಲಮೇ ಇರಲಿಲ್ಲ.

'ಗಂಜಿ ಇಲ್ದಿದ್ರೆ ನೂಲು ಮಗ್ಗದಾಗೆ ಹರೀತೈತಿ.
ನೇಯ್ದಾದ್ಮೇಲೂ ಗಂಜಿ ಉಳಿದ್ರೆ
ಬಟ್ಟಿ ಅಲ್ಲ ಅದು, ತಗಡು.
ಮಗ್ಗ ದಾಟೋಮಟ ಹಿಡೀಬೇಕು,
ತೊಳದ್ರೆ ಬಿಡ್ಬೇಕು.
ಅಷ್ಟೇ ನಮ್ ಖಾತೆ ಕಸುಬು.'
ಸಾರು ಸುರಿದುಕೊಂಡು ಸುಮ್ಮನಾದ.

ಬೆಳಿಗ್ಗೆ ಹೊಸ ಪುಟದಲ್ಲಿ ಎರಡು ಗೆರೆ ಎಳೆದೆ.
ನೀರಿನಲ್ಲಿ ಎಷ್ಟು ಗಂಟೆ. ಮಣ್ಣಿನಲ್ಲಿ ಎಷ್ಟು ದಿನ.
ಹರಳೆಣ್ಣೆಯ ತೆಳು ಲೇಪ ಕೊಟ್ಟ ಐವತ್ತೆಂಟನೆಯದರ ಮೇಲೆ
ಹನಿ ಹರಡದೆ ನಿಂತಿತು,
ಕೆಸುವಿನೆಲೆಯ ಮೇಲಿನದರಷ್ಟಲ್ಲ,
ತುಸು ಕುಳಿತ, ದಣಿದ ಹನಿ.
ಅದರದೇ ಇನ್ನೊಂದು ತುಂಡನ್ನು
ಶಕೀಲಾಬಿಯ ಭಟ್ಟಿಯ ಹಿಂದೆ
ಬೂದಿ ಬೆರೆತ ಮಣ್ಣಿನಲ್ಲಿ ಹೂತು, ಕಡ್ಡಿ ನೆಟ್ಟು ಬಂದೆ.
'ಏನ್ ಬಿತ್ತಿದ್ರಿ?' ಎಂದಳು.

ಉಳಿದ ಚೂರನ್ನು ಅಪ್ಪನ ಕೈಗಿಟ್ಟೆ.
ಕನ್ನಡಕ ಬೇಡವೆಂದ.
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು
ಕಣ್ಣು ಮುಚ್ಚಿ ಮೆಲ್ಲಗೆ ಉಜ್ಜಿದ,
ಕುದಿವ ಕೊಪ್ಪರಿಗೆಯ ಗಂಜಿಯ ಹದ ನೋಡಿದ ಹಾಗೆ.
ಬಹಳ ಹೊತ್ತು.

'ಇನ್ನೊಂದ್ ಕುದಿ ಬೇಕು' ಅಂದ.
ಆದರೆ ಚೂರನ್ನು ಹಿಂದೆ ಕೊಡಲಿಲ್ಲ.