ಬಾಬ್ತು: ಕೀಲೆಣ್ಣೆ

ಬೋಸ್ನಾ ನದಿಯ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ
ನಾನು ಹಾಜರಿ ಪುಸ್ತಕದವಳು, ಹತ್ತೊಂಬತ್ತು ವರ್ಷ.
ಬೆಂಕಿ ಕಂಡದ್ದು ಕಿಟಕಿಯಿಂದ ಮಾತ್ರ.

ಹಿಲ್ಮಿಯಾನ ಹೆಸರನ್ನು ಪಟ್ಟಿಗೆ ಹಾಕಿದವಳೂ ನಾನೇ.
ಮೇಲಿನಿಂದ ಬಂದ ಸಂಖ್ಯೆ ನಲವತ್ತು;
ಐವತ್ತೆಂಟು ದಾಟಿದವರೆಲ್ಲ ಅದರೊಳಗೆ ಸರಿಯಾಗಿ ಕೂತರು.
ಅವನ ಹುದ್ದೆ: ಕೋಕ್ ಒಲೆ, ಬಾಗಿಲು, ಸಹಾಯಕ.
ಸಹಿ ಮಾಡಿ, ಪೆನ್ನು ವಾಪಸು ಕೊಟ್ಟು,
"ಹದಿನೇಳನೆಯದು ಸ್ವಲ್ಪ ಹಠಮಾರಿ" ಅಂದ.
ಯಾವುದೋ ಕಡತವಿರಬೇಕು ಅಂದುಕೊಂಡೆ.

ಚಳಿಗಾಲಕ್ಕೆ ತಿಳಿಯಿತು.
ಕಣಿವೆಗೆ ಮಂಜು ಮುಚ್ಚಳ ಹಾಕುತ್ತದೆ ಇಲ್ಲಿ,
ಒಳಗಿದ್ದದ್ದು ಒಳಗೇ.
ಬೆಳಗ್ಗೆ ಹರವಿದ ಬಿಳಿ ಚಾದರ
ಸಂಜೆಗೆ ಹಳದಿ, ಕೊಳೆತ ಮೊಟ್ಟೆಯ ವಾಸನೆ.
ಬಾಗಿಲ ಸಂದಿನಿಂದ ಒಲೆ ಉಸಿರು ಬಿಡುತ್ತಿತ್ತು.
ಟನ್ನಿಗಿಷ್ಟು ಬೋನಸ್ಸು ಎಂದು ಬರೆದವರು ನಾವು;
ಬಾಗಿಲು ಮುಚ್ಚಿದ್ದಕ್ಕೆ ಇಷ್ಟೆಂದು
ಯಾರೂ ಬರೆದಿರಲಿಲ್ಲ.

ಆ ವರ್ಷದ ವರದಿಯ ಮುಖಪುಟದಲ್ಲಿ ಒಂದು ಚಿಗುರೆಲೆ.
ಇಪ್ಪತ್ತೇಳನೆಯ ಪುಟ ನನ್ನದು:
ತಲಾ ತರಬೇತಿ, ಹನ್ನೊಂದೂವರೆ ಗಂಟೆ.
ಕ್ಯಾಂಟೀನಿನಲ್ಲಿ ಪರದೆ ಕಟ್ಟಿ, ದೀಪ ಆರಿಸಿ,
ರಾತ್ರಿಪಾಳಿ ಮುಗಿಸಿ ಬಂದವರು ನಿದ್ದೆ ಮಾಡಿದ ಗಂಟೆಗಳು.
ಸಹಿಗಳೆಲ್ಲ ಇವೆ.

ಫೆಬ್ರವರಿಯಲ್ಲಿ ಅವನ ಮನೆಗೆ ಹೋದೆ.
ಕಾಫಿ ಕುದಿಸಿದ; ಬೈಯಲಿಲ್ಲ, ಅದೇ ಕಷ್ಟವಾಯಿತು.
"ಉದ್ದನೆಯ ಸಲಾಕೆ. ತುದಿ ಬಾಗಿಲಿಗೆ,
ಮರದ ಹಿಡಿ ಕಿವಿಯ ಹಿಂದಿನ ಮೂಳೆಗೆ.
ಸೋರಲಿರುವ ಬಾಗಿಲು
ಸುಳ್ಳು ಹೇಳಲಿರುವವನ ಹಾಗೆ
ಮೊದಲು ಉಗುಳು ನುಂಗುತ್ತದೆ."

ವಾರಕ್ಕೆ ಎರಡು ದಿನ ಬಂದು ಕಲಿಸು ಎಂದೆ.
ನಿವೃತ್ತರಿಗೆ ಸಂಬಳ ಬರೆಯಲು ಕಾಲಮ್ಮೇ ಇಲ್ಲ.
ಹುಡುಕಿ ಹುಡುಕಿ, ಕೊನೆಗೆ
ಯಂತ್ರಗಳ ಕೀಲೆಣ್ಣೆಯ ಬಾಬ್ತಿನಲ್ಲಿ ಅವನನ್ನು ಬರೆದೆ.
ತಿಂಗಳಿಗೆ ಇಪ್ಪತ್ತು ಡಬ್ಬಿ ಹಿಲ್ಮಿಯಾ.

ಈಗ ಆರು ಮಂದಿಗೆ ಕೇಳಿಸುತ್ತದೆ. ಅವರಲ್ಲಿ ಸೆನಿಯಾ
ಹದಿನೇಳನೆಯದನ್ನು ಬೈದು ಬೈದು ಮುಚ್ಚುತ್ತಾಳೆ.
ಹೊಗೆ ಇಳಿದಿದೆ, ಪೂರ್ತಿಯಲ್ಲ.
ವರದಿ ಅದನ್ನು ಹೊಸ ಜರ್ಮನ್ ಮಾಪಕದ ಹೆಸರಿಗೆ ಬರೆದಿದೆ.
ಲೆಕ್ಕ ತಪಾಸಣೆಯವರು ನನ್ನನ್ನು ಕೇಳಿದ್ದು ಒಂದೇ:
ಇಷ್ಟೊಂದು ಎಣ್ಣೆ ಏಕೆ ಕುಡಿಯುತ್ತವೆ ನಿಮ್ಮ ಬಾಗಿಲುಗಳು?

ಹಳೆಯವು, ಎಂದೆ.

ಚಾದರ ಇನ್ನೂ ಒಳಗೇ ಒಣಗಿಸುತ್ತೇನೆ.
ದಿಂಬಿನ ಕವರು ಮಾತ್ರ, ಧೈರ್ಯ ಮಾಡಿ, ಹೊರಗೆ.