ಚೀಲದ ತೂಕ

ಅಮ್ಮತ್ತಿಯಿಂದ ಮೂರು ಮೈಲಿ, ಅಣ್ಣನ ತೋಟ.
ಸಂಜೆ ಐದಕ್ಕೆ ಹಲಸಿನ ಕೊಂಬೆಗೆ
ತಕ್ಕಡಿಯ ಕೊಕ್ಕೆ ಇಳಿಬಿದ್ದೊಡನೆ ಸಾಲು:
ರೊಬಸ್ಟಾ ಹಣ್ಣಿನ ಚೀಲ, ಚೀಲದ ಹಿಂದೆ ಮನುಷ್ಯರು.
ರೈಟರ್ ಉತ್ತಯ್ಯ ಕನ್ನಡಕ ಏರಿಸಿ ಓದುತ್ತಾನೆ
ಮುಳ್ಳು ನಿಲ್ಲುವ ಮೊದಲೇ.

ನನಗೆ ಆರು ವಾರ ರಜೆ.
ಕಣದ ಮೂಲೆಯಲ್ಲಿ ಲೋಟ ಹಿಡಿದು ಕೂತವಳು
ಎದ್ದು ಹೋಗಲಾರೆ. ಈ ಸಾಲು ನನಗೆ ಗೊತ್ತು.

ಅಲ್ಲಿ, ಒಂಬತ್ತು ದ್ವೀಪಕ್ಕೆ ಎರಡೇ ವಿಮಾನದ ಕಂಪನಿಯಲ್ಲಿ
ಬೆಳಿಗ್ಗೆ ನಾನೇ ರೈಟರ್.
ತಗಡಿನ ಶೆಡ್ಡಿನಲ್ಲಿ ಜನ ಒಬ್ಬೊಬ್ಬರಾಗಿ ತಕ್ಕಡಿ ಹತ್ತುತ್ತಾರೆ,
ಗೆಣಸಿನ ಬುಟ್ಟಿ ಸಮೇತ, ಕಾಲು ಕಟ್ಟಿದ ಹಂದಿಮರಿ ಸಮೇತ.
ಮದುವೆಯ ಗೌನು ತೊಟ್ಟವಳೊಬ್ಬಳು
ಇದನ್ನು ಬೇರೆ ತೂಗುತ್ತೀರಾ ಎಂದು ಕೇಳಿದ್ದಳು.
ನೂರಾಮೂರು ಕಿಲೋದ ಪಾದ್ರಿ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ,
ಗಾಳಿಯದೇ ಭಾರ ಎಂಬಂತೆ.
ಹುಲ್ಲಿನ ರನ್‌ವೇ. ಅದರ ಕೊನೆಗೆ ಸಮುದ್ರ.
ಕೂಡಿ, ಕಳೆದು, ಹಾಳೆಗೆ ಸಹಿ ಹಾಕುತ್ತೇನೆ.
ಲೆಕ್ಕ ತಪ್ಪಿದರೆ ಅಲ್ಲಿ ನೀರೇ ತಿದ್ದುತ್ತದೆ.

ಸಂಬಳದ ಲೆಕ್ಕ ಬೇರೆ.
ನನ್ನಷ್ಟೇ ಗಂಟೆ ಹಾರುವ ಡಂಕನ್ನನ ಪಾಸ್‌ಪೋರ್ಟಿಗೆ ಒಂದು ದರ,
ನನ್ನದಕ್ಕೆ ಇನ್ನೊಂದು,
ನನ್ನ ಬಲಕ್ಕೆ ಕೂರುವ ದ್ವೀಪದ ಹುಡುಗ ಟೆವಿಟಾನಿಗೆ
ಹೇಳಲು ನಾಚಿಕೆಯಾಗುವಷ್ಟು.
ಒಂದೇ ಮೋಡ, ಒಂದೇ ಗಾಳಿಗುಂಡಿ,
ಮೂರು ಚೀಟಿ.
ಮೇಲಿನದನ್ನು ನೆನೆದು ಕುದಿಯುತ್ತೇನೆ.
ಕೆಳಗಿನದನ್ನು ಮಡಿಸಿ ಅವನ ಕೈಗಿಡುತ್ತೇನೆ.

ಇಲ್ಲಿನ ಸಾಲಿನಲ್ಲೂ ಈಗ ದೂರದವರೇ.
ಮೊಯ್ನಾ ಖಾತೂನ್ ಬಂದದ್ದು ಅಸ್ಸಾಮಿನಿಂದ,
ಮೂರು ದಿನ ರೈಲು, ಆಮೇಲೆ ಬಸ್ಸು.
ಅವಳಿಗೂ ಏಜೆಂಟ್, ಅವಳಿಗೂ ಗುತ್ತಿಗೆ,
ಅವಳ ಕಾರ್ಡೂ ಯಾರದೋ ಬೀರುವಿನಲ್ಲಿ,
ನನ್ನ ಪಾಸ್‌ಪೋರ್ಟು ಹನ್ನೊಂದು ತಿಂಗಳು ಇದ್ದಂತೆ.
ಅವಳ ಕನ್ನಡ ಇಪ್ಪತ್ತೇ ಪದ, ಹೆಚ್ಚಿನವು ಅಂಕಿ.
ಉಳಿದದ್ದನ್ನು ಹಿಂದಿಯಲ್ಲಿ ಕೇಳಿದಳು:
ವಿಮಾನ ಓಡಿಸ್ತೀರಂತೆ, ಮೇಲಿಂದ ನಮ್ಮೂರು ಕಾಣುತ್ತಾ?
ಆ ಕಡೆ ಹಾರುವುದಿಲ್ಲ ಎಂದೆ.
ನನ್ನೂರನ್ನೂ ಮೇಲಿಂದ ಕಂಡಿಲ್ಲ ಎಂದು ಹೇಳಲಿಲ್ಲ.
ಇಳಿಯಲು ಜಾಗವಿಲ್ಲದ ನೆಲ ನಮ್ಮದು, ಬರೀ ಏರು, ಬರೀ ಇಳಿಜಾರು.

ಅವಳ ಚೀಲ ಏರಿತು. ಮುಳ್ಳು ಐವತ್ತೊಂದು.
“ನಲವತ್ತೊಂಬತ್ತು,” ಎಂದ ಉತ್ತಯ್ಯ.
ನಾನು ತಲೆಯೆತ್ತಿದೆ.
“ಚೀಲದ ತೂಕ ಎರಡು ಕಿಲೋ, ಅಕ್ಕಾ.
ನಮ್ಮಪ್ಪ ಬರೀತಿದ್ದ ಕಾಲದಿಂದ.”
ಆಗ ಗೋಣಿ, ನೆಂದರೆ ಒಂದು ಕಿಲೋ ದಾಟುತ್ತಿತ್ತು.
ಈಗ ಗೊಬ್ಬರದ ಪ್ಲಾಸ್ಟಿಕ್ಕು,
ಊದಿದರೆ ಗೇಟಿನವರೆಗೆ ಹೋಗುತ್ತದೆ.

ಮೊಯ್ನಾ ನನ್ನ ಮುಖ ನೋಡಲಿಲ್ಲ.
ಜಗಲಿಯಲ್ಲಿ ಅಣ್ಣ ಫೋನಿನಲ್ಲಿ ಕರಿಮೆಣಸಿನ ದರ ಕೇಳುತ್ತಿದ್ದ.
ನನ್ನ ಮೊದಲ ಇನ್ನೂರು ಗಂಟೆಯ ಹಾರಾಟಕ್ಕೆ
ದುಡ್ಡು ಬಂದದ್ದು ಇದೇ ಕಣದಿಂದ.
ಎಷ್ಟು ಎರಡು ಕಿಲೋ ಸೇರಿದರೆ
ಒಂದು ಗಂಟೆ ಆಕಾಶ?
ಲೆಕ್ಕ ಹಾಕತೊಡಗಿದೆ. ನಿಲ್ಲಿಸಿದೆ.

ಕೊನೆಯ ಚೀಲ ಇಳಿದ ಮೇಲೆ
ಚಪ್ಪಲಿ ಕಳಚಿ, ಕೊಕ್ಕೆಗೆ ಜೋತು, ಮಂಡಿ ಮಡಿಸಿದೆ.
ಕೊಂಬೆ ಕಿರ್ರೆಂದಿತು.
ನೆಲ ಬಿಟ್ಟೆ, ನಾಲ್ಕೇ ಬೆರಳು.
“ಓದು ಉತ್ತಯ್ಯ.”
ಕನ್ನಡಕ ಏರಿಸಿದ. ಅರವತ್ತರಲ್ಲಿ ಮುಳ್ಳು ನಡುಗುತ್ತಿತ್ತು.
“ಐವತ್ತೆಂಟು,” ಎಂದ. ಅಭ್ಯಾಸ.
ಬರೆದೂ ಬಿಟ್ಟ.

ಹಿಂದೆ ಯಾರೋ ಕಿಸಕ್ಕೆಂದರು.
ತನ್ನ ಇಪ್ಪತ್ತು ಪದಗಳಲ್ಲಿ ಒಂದನ್ನು ಆರಿಸಿ
ಮೊಯ್ನಾ ಜೋರಾಗಿ, ಒತ್ತಿ ಹೇಳಿದಳು:
“ಅರವತ್ತು.”