ಎಡ ಎರಡು

ಹದಿನೇಳು ತಿಂಗಳ ಮೇಲೆ ಝೀಟಾ
ಜಿಪ್ಸಿಯ ಬಾಗಿಲು ತೆಗೆದಳು.
ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ
ಬೇರೆ ಯಾರದೋ ಸಾಮಾನು ಇಡುವ ಹಾಗೆ
ಕ್ಲಚ್ಚಿನ ಪಕ್ಕ ಇಟ್ಟಳು.
ಒಳಗೆ ಮಂಗಳೂರಿನ ಡಾಕ್ಟರು ಕೂರಿಸಿದ ಕಂಬಿ, ಏಳು ತಿರುಪು.
"ಕಬ್ಬಿಣ ಕರ್ನಾಟಕದ್ದು, ಕಾಲು ಕೇರಳದ್ದು,
ತಲಪಾಡಿ ಗೇಟಿನಲ್ಲಿ ಯಾರೂ ಕೇಳಲಿಲ್ಲ ನೋಡು."

ನಾನು ಅವಳ ಎಡಕ್ಕೆ ಕೂತೆ. ನನ್ನ ಕೆಲಸ ಓದುವುದು,
ಬರುವ ತಿರುವನ್ನು ಅದು ಬರುವ ಮೊದಲು ಹೇಳುವುದು.
ಒಂದು ಅಂದರೆ ಕತ್ತರಿಸಿದ ಹಾಗೆ,
ಆರು ಅಂದರೆ ಕಣ್ಣು ಮುಚ್ಚಿ ಹೋಗಬಹುದು.
ಅಂಕೆ ಕನ್ನಡದಲ್ಲಿ, ಎಚ್ಚರಿಕೆ ತುಳುವಿನಲ್ಲಿ,
ತಪ್ಪಿದರೆ ಅವಳ ಕೊಂಕಣಿ.
ವಾರವೆಲ್ಲ ಬದಿಯಡ್ಕದಲ್ಲಿ ಆಧಾರ ಬರೆಯುವ ಕೈ ಇದು,
ಒಂದಕ್ಷರ ತಪ್ಪಿದರೆ ಒಬ್ಬನ ಬಾವಿ
ಇನ್ನೊಬ್ಬನದಾಗುತ್ತದೆಂದು ಬಲ್ಲ ಕೈ.

ಆ ದಿನವೂ ಇದೇ ಗೇರುಗುಡ್ಡೆ, ಇದೇ ಮಾರ್ಚಿ.
ಹೊರಡುವ ಮೊದಲು ಹಳದಿ ಹಣ್ಣೊಂದನ್ನು ಹೀರಿ
ಕೈ ಒರಸಿದ್ದು ಎಲ್ಲಿಗೆ?
ನೆನಪಿಲ್ಲ ಅಂದೆ, ಪೊಲೀಸರಿಗೆ, ಕ್ಲಬ್ಬಿನವರಿಗೆ,
ಬೇಳದ ಇಗರ್ಜಿಯ ಅಂಗಳದಲ್ಲಿ ಅವಳ ಅಮ್ಮನಿಗೆ.
ನೆನಪುಂಟು. ಅಂಗಿಯ ತುದಿಗೆ. ಮತ್ತೆ ಪುಸ್ತಕಕ್ಕೆ.
ಹದಿನಾಲ್ಕಕ್ಕೆ ಹದಿನೈದು ಅಂಟಿತ್ತು.
ನಾನು ಓದಿದ್ದು ಹದಿನಾರು: ಎಡ ನಾಲ್ಕು, ಉದ್ದ, ಬಿಡು.
ಅವಳು ಬಿಟ್ಟಳು.
ಎದುರಿಗಿದ್ದದ್ದು ಎಡ ಎರಡು,
ಅದರಾಚೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆ,
ಮೂರಾಳು ಆಳ.

ನನಗೆ ಗಲ್ಲದಲ್ಲಿ ಒಂದು ಗೀರು.
ಈಗ ಗಡ್ಡ ಬಿಟ್ಟಿದ್ದೇನೆ.

ಅವಳು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಮಾತೆಲ್ಲ
ಪಕ್ಕದ ಹಾಸಿಗೆಯ ಅಜ್ಜಿ ಕದ್ದು ಜಗಿಯುವ ಎಲೆಯಡಿಕೆಯದ್ದೇ.
ಮನೆಗೆ ಬಂದ ಮೇಲೆ ಒಂದು ಸಂಜೆ
ವಾಕರು ಹಿಡಿದು ನಿಂತು "ಓದು" ಅಂದಳು.
ಓದಿದೆ: ಬಲ ಒಂದು, ಬಾವಿ.
ಎಡ ಮೂರು, ಕೋಳಿಗೂಡು, ಜಾರುತ್ತದೆ.
ಏರು, ಮೆಟ್ಟಿಲು, ಪೋಡಿಯಡ.
ಮೆಟ್ಟಿಲಿಗೆ ಆ ದಿನ ನಲವತ್ತು ನಿಮಿಷ.

ಇವತ್ತು ಗೆರೆಯ ಮೇಲೆ, ಹೆಲ್ಮೆಟ್ಟಿನೊಳಗೆ ಅವಳ ಸ್ವರ,
ಅಡುಗೆಮನೆಯಿಂದ ಉಪ್ಪು ಕೇಳಿದ ಹಾಗೆ:
"ಮಣಿಯಾಣಿ, ಪುಟ
ಬೆರಳು ಒದ್ದೆ ಮಾಡಿ ತಿರುಗಿಸು."
ಗೊತ್ತಿತ್ತಾ, ಅಂದೆನೋ ಇಲ್ಲವೋ,
"ಪೋ, ಪೋ" ಎಂದು ಬಾವುಟ ಬಿತ್ತು.

ಧೂಳು. ಗಾಜಿಗೆ ಬಡಿಯುವ ಎಲೆ. ಬಲ ಐದು, ಏರಿ ಹಾರು.
ಗೇರುಗುಡ್ಡೆಯಲ್ಲಿ ಗೇರು ಬದಲಿಸುವುದೆಂದು
ಅವಳಪ್ಪ ಮಾಡುತ್ತಿದ್ದ ಹಳೆ ತಮಾಷೆ
ಇವತ್ತು ಯಾರೂ ಹೇಳಲಿಲ್ಲ.
ಕ್ಲಚ್ಚು ಒತ್ತುವಾಗೆಲ್ಲ ಅವಳ ಉಸಿರು
ನನ್ನ ಕಿವಿಯಲ್ಲಿ ಕಡಿದು, ಮತ್ತೆ ಕೂಡುತ್ತಿತ್ತು.

ಹದಿಮೂರು. ಬಾಯಿ ಒಣಗಿ ಉಗುಳು ಹುಟ್ಟಲಿಲ್ಲ,
ಬೆರಳನ್ನು ಕತ್ತಿನ ಬೆವರಿಗೆ ಒತ್ತಿದೆ.
ಹದಿನಾಲ್ಕು. "ಎಡ ಎರಡು" ಅಂದೆ,
ತುಂಬ ಮೊದಲೇ ಅಂದೆ, ಮತ್ತೆ ಅಂದೆ,
"ಎಡ ಎರಡು, ಝೀಟಾ, ಉಂತು, ಉಂತು—"
ಅದು ಪುಸ್ತಕದಲ್ಲಿರಲಿಲ್ಲ.

ಅವಳು ನಿಲ್ಲಿಸಲಿಲ್ಲ.
ಶಾಲೆ ಬಿಟ್ಟ ಹೊತ್ತಿಗೆ ಪೇಟೆ ದಾಟುವವಳ ಹಾಗೆ
ಎರಡನೇ ಗೇರಿನಲ್ಲಿ ತಿರುಗಿಸಿದಳು.
ಬಲಕ್ಕೆ ಕೋರೆ. ಅರ್ಧ ನೀರು,
ಯಾರೋ ಬಲೆ ಹೊದಿಸಿ ಮೀನು ಸಾಕಿದ್ದಾರೆ.
"ನೋಡು" ಅಂದಳು. ಪುಟ ಬಿಟ್ಟು ನೋಡಿದೆ.
"ಸಾಕು. ಮುಂದೆ ಓದು."

ಹನ್ನೊಂದು ಗಾಡಿಗಳಲ್ಲಿ ನಾವು ಹತ್ತನೆಯವರು,
ಹನ್ನೊಂದನೆಯದ್ದಕ್ಕೆ ರೇಡಿಯೇಟರು ಒಡೆದಿತ್ತು.
ಅವಳು ಕಾಲನ್ನು ಎತ್ತಿ ಹೊರಗಿಟ್ಟು, ಆಮೇಲೆ ತಾನು ಇಳಿದು,
ಮರದಡಿ ಬಿದ್ದ ಹಣ್ಣೊಂದನ್ನು ಹೆಕ್ಕಿದಳು.
ಬೀಜ ತಿರುಚಿ ಕಿಸೆಗೆ. ಅರ್ಧ ಕಚ್ಚಿ
ಉಳಿದದ್ದು ನನಗೆ.
ಗಂಟಲು ಕೆರೆಯುವ ರಸ ಮೊಣಕೈವರೆಗೆ ಇಳಿಯಿತು.
ಪುಸ್ತಕ ಕಂಕುಳಲ್ಲಿತ್ತು.
ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು
ಇಲ್ಲಿ ನೀರು ಎಲ್ಲಿ ಉಂಟು ಎಂದು
ಬಂದವರನ್ನೆಲ್ಲ ಕೇಳುತ್ತ ನಿಂತೆ.